ಕ್ಲಿಪ್‌ಲೆಸ್ ಪೆಡಲ್ಲೂ ನಿಂತಲ್ಲೇ ಬೀಳೋ ನಾನೂ

ನನ್ನ ಮೌಂಟನ್ ಬೈಕು ಸುಮಾರು ಒಂದು ತಿಂಗಳಿಂದ ಕಿರ್ ಕಿರ್ ಅಂತಿತ್ತು, ನಾನು ಮೊದ್ಲು ಚೈನಿಗೆ ಎಣ್ಣೆ ಬಿಟ್ಟೆ, ಆಮೇಲೆ ಸೀಟ್ ಪೋಸ್ಟಿಗೆ ಗ್ರೀಸ್ ಹಚ್ದೆ, ಆಮೇಲೆ ಸದ್ದು ನನ್ನ ಮಂಡಿದೇ ಇರಬಹುದು ಅಂತ ಡೌಟ್ ಬಂದು ಎರಡು ದಿನ ಬೈಕ್ ಬಿಟ್ಟು ನಡ್ಕೊಂಡೇ ಓಡಾಡ್ದೆ. ಮಂಡಿ ಸುಮ್ಮನಿತ್ತು. ಕೊನೆಗೆ ಎಡಗಡೆ ಪೆಡಲ್ ಹಿಡಿದು ನೋಡಿದ್ರೆ ಆರು ವರ್ಷದ ಮಗುವಿನ ಮುಂದಿನ ಹಲ್ಲಿನ ಥರ ಅಲ್ಲಾಡ್ತಿದೆ. ಬೇರಿಂಗ್ ಢಮಾರ್.

ಸರಿ, ಹೊಸ ಜೋಡಿ ತಗೊಂಡ್ರಾಯ್ತು, ಅದ್ರಲ್ಲೇನಿದೆ ಅಂದ್ಕೊಂಡೆ.

ಇವು ಕ್ಲಿಪ್‌ಲೆಸ್ ಪೆಡಲ್ಲು. ಹೆಸರಲ್ಲಿ ಕ್ಲಿಪ್ಪಿಲ್ಲ, ಆದ್ರೆ ಶೂ ತಳದಲ್ಲಿರೋ ಕ್ಲೀಟು, ಅಂದ್ರೆ ಬೋಲ್ಟ್ ಹಾಕಿ ಕೂರಿಸಿದ ಪುಟ್ಟ ಲೋಹದ ತುಂಡು, ಪೆಡಲ್ಲಿಗೆ ಟಕ್ ಅಂತ ಕ್ಲಿಪ್ಪಾಗೋದೇ ಇದರ ಕೆಲಸ. ಹಿಂದೆ ಪಾದದ ತುದಿಗೆ ಪಂಜರದ ಥರದ್ದೊಂದು ಹಾಕಿ ಬೆಲ್ಟ್ ಬಿಗೀತಿದ್ರಲ್ಲ, ಟೋ ಕ್ಲಿಪ್ಪು, ಅದಿಲ್ಲ ಅನ್ನೋ ಅರ್ಥಕ್ಕೆ ಕ್ಲಿಪ್‌ಲೆಸ್. ಇದನ್ನ ಹೆಂಡ್ತಿಗೆ ಕಾಲು ಗಂಟೆ ವಿವರಿಸಿದ್ಮೇಲೆ ಅವಳು ಕೇಳಿದ್ದು ಒಂದೇ, "ರೀ, ಕಾಲು ಕಟ್ಟಿ ಹಾಕಿಸ್ಕೊಳ್ಳೋದಕ್ಕೆ ದುಡ್ಡು ಬೇರೆ ಕೊಡ್ತೀರಾ?" ನಾನು ಬಿಡ್ಲಿಲ್ಲ, 1984ರಲ್ಲಿ ಇದನ್ನ ತಂದ ಲುಕ್ ಕಂಪನಿ ಮೊದ್ಲು ಸ್ಕೀ ಬೈಂಡಿಂಗ್, ಅಂದ್ರೆ ಹಿಮದಲ್ಲಿ ಜಾರೋ ಹಲಗೆಗೆ ಬೂಟು ಸಿಕ್ಕಿಸೋ ಸಾಧನ ಮಾಡ್ತಿತ್ತು, ಮುಂದಿನ ವರ್ಷವೇ ಫ್ರಾನ್ಸಿನ ಸೈಕಲ್ ಪಟು ಬರ್ನಾರ್ ಇನೋ ಇದೇ ಪೆಡಲ್ ತುಳಿದು ಟೂರ್ ದ ಫ್ರಾನ್ಸ್ ರೇಸ್ ಗೆದ್ದ, ಮಣ್ಣಿನ ದಾರಿಯವ್ರಿಗೆ ಅಂತ ಶಿಮಾನೋ ಕಂಪನಿ 1990ರಲ್ಲಿ ಎಸ್‌ಪಿಡಿ ಅನ್ನೋ ಪೆಡಲ್ ತಂತು ಅಂತೆಲ್ಲ ಹೇಳ್ದೆ. ಸ್ಕೀ ಬೈಂಡಿಂಗ್ ಇರೋದು ಬೀಳುವಾಗ ಕಾಲು ಬಿಟ್ಕೊಳ್ಳಲಿ ಅಂತ. ನಂದು ಸ್ವಲ್ಪ ಬೇರೆ ಪದ್ಧತಿ, ನಾನು ಮೊದ್ಲು ಬೀಳ್ತೀನಿ, ಬಿದ್ದು ಸ್ವಲ್ಪ ಹೊತ್ತಾದ್ಮೇಲೆ ಕಾಲು ಬಿಟ್ಕೊಳ್ಳುತ್ತೆ.

ಆಮೇಲೆ ಶುರುವಾಯ್ತು ರಿಸರ್ಚು. ಎಸ್‌ಪಿಡಿಗೆ ಎರಡು ಕಡೆ ಕ್ಲಿಪ್ಪಾಗುತ್ತೆ, ಕ್ರ್ಯಾಂಕ್‌ಬ್ರದರ್ಸ್ ಎಗ್‌ಬೀಟರ್‌ಗೆ ನಾಲ್ಕು ಕಡೆ, ನೋಡೋಕೂ ಹೆಸರಿಗೆ ತಕ್ಕಂತೆ ಮೊಟ್ಟೆ ಕಲಕೋ ಸಾಧನದ ಥರಾನೇ ಇದೆ, ಕೆಸರು ತುಂಬ್ಕೊಳ್ಳೋಕೆ ಅದ್ರಲ್ಲಿ ಜಾಗವೇ ಇಲ್ಲ. ಟೈಮ್ ಕಂಪನಿಯ ಅಟ್ಯಾಕ್ ಅಂತ ಇನ್ನೊಂದು. ಸುತ್ತ ಪಾದ ಊರೋಕೆ ಅಗಲ ಪ್ಲಾಟ್‌ಫಾರ್ಮ್ ಇರೋದು ಬೇಕಾ ಬೇಡ್ವಾ? ಅದು ಸಾಲ್ದು ಅಂತ ಫ್ಲೋಟು, ಅಂದ್ರೆ ಕ್ಲಿಪ್ಪಾದ್ಮೇಲೂ ಪಾದ ಎಷ್ಟು ಡಿಗ್ರಿ ಆರಾಮಾಗಿ ಅತ್ತಿತ್ತ ಆಡಬಹುದು ಅನ್ನೋದು. ಎಗ್‌ಬೀಟರ್ ಕ್ಲೀಟಲ್ಲಿ ಹಿಮ್ಮಡಿ 15 ಡಿಗ್ರಿ ತಿರುಗಿಸಿದ್ರೆ ಬಿಡಬೇಕಾ 20ಕ್ಕೆ ಬಿಡಬೇಕಾ ಅಂತ ನಾವೇ ಆರಿಸ್ಕೋಬಹುದು, ಹಂಗಾಗಿ ನಾನು ಅಡುಗೆಮನೆಲಿ ನಿಂತು ಮೊಬೈಲ್ ಹಿಡ್ಕೊಂಡು ಹಿಮ್ಮಡಿ ತಿರುಗಿಸಿ ತಿರುಗಿಸಿ ನೋಡ್ತಿದ್ದೆ, ಮಗಳು ಬಂದು "ಅಪ್ಪ ಡ್ಯಾನ್ಸ್ ಕಲೀತಿದೆ" ಅಂತ ಮನೆಗೆಲ್ಲ ಸಾರಿದ್ಳು.

ಮೂರು ವಾರ ಆದ್ಮೇಲೆ ಎಗ್‌ಬೀಟರ್ರೇ ಅಂತ ಡಿಸೈಡ್ ಮಾಡಿ ಗೆಳೆಯನಿಗೆ ಫೋನ್ ಮಾಡ್ದೆ. ಅವನು ಕೂಲಾಗಿ, "ಗುರು, ಅದರ ಕ್ಲೀಟೇ ಬೇರೆ, ನಿನ್ ಶೂ ತಳ ಒಂದ್ಸಲ ನೋಡು" ಅಂದ.

ನೋಡ್ದೆ. ಅಲ್ಲಿ ಕ್ಲೀಟ್ ಇತ್ತು ಅನ್ನೋದಕ್ಕಿಂತ ನಾಲ್ಕು ವರ್ಷದ ಮಣ್ಣು ಪದರ ಪದರವಾಗಿ ಕೂತಿತ್ತು ಅನ್ನೋದು ಸರಿ. ಸೂಜಿ ಹಾಕಿ ಕೆರೆದು ಕೆರೆದು ಎರಡು ಬೋಲ್ಟಿನ ತಲೆ ಪತ್ತೆ ಮಾಡಿ ಅಲೆನ್ ಕೀ ಹಾಕಿ ತಿರುಗಿಸಿದೆ, ಏನೋ ತಿರುಗ್ತು, ಖುಷಿಯಾಗಿ ಇನ್ನೂ ಜೋರಾಗಿ ತಿರುಗಿಸಿದೆ, ಆಮೇಲೆ ಗೊತ್ತಾಯ್ತು ಬೋಲ್ಟು ಕೂತಲ್ಲೇ ಕೂತಿದೆ, ಒಳಗಿನ ಆರು ಮೂಲೆ ಸವೆದು ಗುಂಡಗಾಗಿದೆ ಅಂತ. ಹಳೇ ಕ್ಲೀಟು ಎಸ್‌ಪಿಡಿದು. ಅದು ಶೂ ಬಿಟ್ಟು ಬರಲ್ಲ. ಅಲ್ಲಿಗೆ ನನ್ನ ಮೂರು ವಾರದ ಅಧ್ಯಯನವನ್ನ ತುಕ್ಕು ಹಿಡಿದ ಒಂದು ಬೋಲ್ಟು ಎರಡು ನಿಮಿಷದಲ್ಲಿ ತೀರ್ಮಾನ ಮಾಡ್ತು. ಎಸ್‌ಪಿಡಿನೇ ತರಿಸ್ದೆ.

ಹಳೇದು ಬಿಚ್ಚೋದು ಇನ್ನೊಂದು ಕಥೆ. ಎಡಗಡೆ ಪೆಡಲ್ಲಿಗೆ ಉಲ್ಟಾ ಥ್ರೆಡ್, ತುಳೀತಾ ತುಳೀತಾ ತಾನಾಗೇ ಬಿಚ್ಕೋಬಾರ್ದು ಅಂತ, ಇದು ನಂಗೆ ಗೊತ್ತು. 15 ಎಂಎಂ ಸ್ಪ್ಯಾನರ್ ಮೇಲ್ಮುಖ ಹಿಡಿದು ಹಿಂದಿನ ಚಕ್ರದ ಕಡೆ ಎಳೆದ್ರೆ ಎರಡೂ ಕಡೆ ಬಿಚ್ಚುತ್ತೆ ಅನ್ನೋ ಉಪಾಯವೂ ಗೊತ್ತು. ಎಳೆದೆ, ಬರ್ಲಿಲ್ಲ, ಪೈಪ್ ಸಿಕ್ಕಿಸಿ ಎಳೆದೆ, ಸ್ಪ್ಯಾನರ್ ಜಾರಿ ಮುಷ್ಟಿ ಹೋಗಿ ಫ್ರೇಮಿಗೆ ಬಡೀತು. ಬೈಕನ್ನ ತಲೆಕೆಳಗು ನಿಲ್ಸಿದೀನಿ, ಹಂಗಾಗಿ ಇಷ್ಟೊತ್ತು ಬಿಗೀತಾ ಇದ್ದೆ ಅನ್ನೋದು ಬೆರಳಿಗೆ ಬ್ಯಾಂಡೇಜ್ ಸುತ್ತುವಾಗ ಹೊಳೀತು.

ಹೊಸ ಪೆಡಲ್ ಹಾಕ್ದೆ. ಟಕ್, ಟಕ್. ಆಹಾ ಏನು ಸದ್ದು! ಒಂದು ರೌಂಡು ಹೋಗಿ ಬಂದು ಗೇಟ್ ಮುಂದೆ ರಾಜಗಾಂಭೀರ್ಯದಿಂದ ಬ್ರೇಕ್ ಹಾಕಿ ಹಳೇ ಸಡಿಲ ಪೆಡಲ್ಲಿನ ಅಭ್ಯಾಸದಲ್ಲಿ ಹಿಮ್ಮಡಿ ಮೆಲ್ಲಗೆ ತಿರುಗಿಸ್ದೆ. ಹೊಸ ಸ್ಪ್ರಿಂಗು ಜಗ್ಲಿಲ್ಲ. ಬೈಕು ನಿಂತಿತ್ತು, ನಾನೂ ಅದೂ ಸೇರಿ ಕಡಿದ ಬಾಳೆಗಿಡದ ಥರ ನಿಧಾನವಾಗಿ ಎಡಕ್ಕೆ ಒರಗಿದ್ವಿ.

ಮಗಳು ಓಡಿ ಬಂದ್ಳು. "ಅಪ್ಪಾ, ನಿಂತಿರೋ ಸೈಕಲ್ಲಿಂದ ಹೆಂಗೆ ಬಿದ್ದೆ?"

ಮಲಗಿದಲ್ಲಿಂದಲೇ ನೋಡಿದ್ರೆ ಮೇಲಿದ್ದ ಬಲಗಡೆ ಪೆಡಲ್ಲಲ್ಲಿ ಟೆನ್ಷನ್ ಸಡಿಲ ಮಾಡೋ ಪುಟ್ಟ ಸ್ಕ್ರೂ ಫಳಫಳ ಹೊಳೀತಿತ್ತು, ಮೈನಸ್ ಗುರುತಿನ ಸಮೇತ. "ಪುಟ್ಟಿ, ಒಳಗೆ ಅಲೆನ್ ಕೀ ಸೆಟ್ಟಿದೆ, ತಗೊಂಬಾ" ಅಂದೆ. ಅವಳು ಒಳಗೆ ಹೋದ್ಳು. ತಂದಿದ್ದು ಬ್ಯಾಂಡೇಜು.