ಕಾಡಿನಲ್ಲಿ ಬದುಕುಳಿಯುವುದನ್ನು ಕಾಡಿಗೇ ಹೋಗಿ ಕಲಿಯಬೇಕೇ?

ಪುಣೆಯ ಕೋಥರೂಡಿನ ಒಂದು ಕನ್ನಡ ಮನೆಯಲ್ಲಿ ಈ ಚಳಿಗಾಲ ಪೂರ್ತಿ ನಡೆದ ವಾದ ಇದು. ಹದಿಮೂರು ವರ್ಷದ ಹುಡುಗನನ್ನು ಸಹ್ಯಾದ್ರಿಯ ಮೂರು ದಿನದ ‘ಸರ್ವೈವಲ್ ಕ್ಯಾಂಪ್’ಗೆ ಕಳಿಸಬೇಕೋ ಬೇಡವೋ? ಪರವಾಗಿ ಬರೆದವರು ಅವನ ತಾಯಿ. ವಿರೋಧವಾಗಿ ಬರೆದವರು ಅವನ ಸೋದರಮಾವ.

ಪರ: ಕೈಗೆ ಅಭ್ಯಾಸ ಆಗಬೇಕು

ಎರಡು ವರ್ಷದ ಹಿಂದೆ, ಆಗಸ್ಟ್ ತಿಂಗಳಲ್ಲಿ, ನಾವು ನಾಲ್ವರು ಗೆಳತಿಯರು ರಾಜಗಡ ಕೋಟೆಗೆ ಹೋಗಿದ್ದೆವು. ಗುಂಜವಣೆ ಕಡೆಯಿಂದ ಹತ್ತಿ, ಕೋಟೆಯ ಮೇಲಿನ ಬಯಲು ಪದ್ಮಾವತಿ ಮಾಚಿಯಲ್ಲಿ ಕೂತು ಚಪಾತಿ ಪಲ್ಯ ತಿಂದು, ಮಧ್ಯಾಹ್ನ ಇಳಿಯಲು ಶುರು ಮಾಡಿದೆವು. ಅರ್ಧ ದಾರಿಯಲ್ಲಿ ಮಂಜು ಕವಿಯಿತು. ಮುಂದೆ ಹೋಗುವವಳ ಬೆನ್ನಿನ ಚೀಲವೂ ಕಾಣದಂಥ ಮಂಜು. ದಾರಿ ತಪ್ಪಿತು. ಎರಡೂವರೆ ತಾಸು ಅದೇ ಇಳಿಜಾರಿನಲ್ಲಿ ಸುತ್ತಿದ್ದೇ ಸುತ್ತಿದ್ದು.

ನನಗೆ ಏನೂ ಗೊತ್ತಿರಲಿಲ್ಲ ಅಂತಲ್ಲ. ಹೊರಡುವ ಮೊದಲು ಹತ್ತಾರು ವಿಡಿಯೋ ನೋಡಿದ್ದೆ. ಪ್ಲಾಸ್ಟಿಕ್ ಹಾಳೆಗೆ ಹಗ್ಗ ಕಟ್ಟಿ ಸೂರು ಮಾಡುವುದು ಬಾಯಿಪಾಠ ಆಗಿತ್ತು. ಆದರೆ ಒದ್ದೆ ಕೈ ನಡುಗುವಾಗ ಒಂದು ಗಂಟೂ ಬೀಳಲಿಲ್ಲ. ಬೆಂಕಿಪೊಟ್ಟಣ ಜೇಬಿನಲ್ಲೇ ನೆನೆದು ಮುದ್ದೆಯಾಗಿತ್ತು. ನಮ್ಮಲ್ಲಿ ಒಬ್ಬಳು ಚಳಿಗೆ ಮಾತು ತೊದಲಲು ಶುರು ಮಾಡಿದಳು. ಮೈಯ ಬಿಸಿ ಅಪಾಯದ ಮಟ್ಟಕ್ಕೆ ಇಳಿಯುತ್ತಿರುವ ಲಕ್ಷಣ ಅದು ಅಂತ ನನಗೆ ತಿಳಿದದ್ದು ಮನೆಗೆ ಬಂದ ಮೇಲೆ. ಅಲ್ಲಿ ನಾವು ‘ಹೆದರಬೇಡ್ವೇ’ ಅಂತ ಬೆನ್ನು ತಟ್ಟುತ್ತಾ ನಿಂತಿದ್ದೆವು. ಒದ್ದೆ ಕಾಟನ್ ಬಟ್ಟೆ ಬಿಚ್ಚಿಸಿ, ಒಣಗಿದ್ದು ಹಾಕಿ, ಗಾಳಿಗೆ ಮರೆ ಮಾಡಬೇಕಿತ್ತು. ಒಣಗಿದ ಬಟ್ಟೆ ನನ್ನ ಚೀಲದಲ್ಲೇ ಇತ್ತು! ಕೊನೆಗೆ ಎಮ್ಮೆ ಹೊಡೆದುಕೊಂಡು ಬಂದ ಒಬ್ಬ ಹುಡುಗ, ತಲೆ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡವನು, ಹತ್ತೇ ನಿಮಿಷದಲ್ಲಿ ನಮ್ಮನ್ನು ದಾರಿಗೆ ತಂದು ಬಿಟ್ಟ.

ನೋಡಿ ತಿಳಿಯುವುದು ಬೇರೆ, ಮಾಡಿ ಕಲಿಯುವುದು ಬೇರೆ. ಅವತ್ತು ಅದು ನನ್ನ ಮೈಗೆ ತಿಳಿಯಿತು. ಅದಕ್ಕೇ ಕಳೆದ ಡಿಸೆಂಬರಿನಲ್ಲಿ ಮಗಳನ್ನು ಇಂಥ ಶಿಬಿರಕ್ಕೆ ಕಳಿಸಿದೆ. ಆಗ ಅವಳಿಗೆ ಹದಿನೈದು.

ಮೊದಲ ಸಂಜೆ ಇಬ್ಬಿಬ್ಬರಿಗೆ ಒಂದು ತಾಡಪತ್ರಿ, ಒಂದು ಹಗ್ಗ, ಮೂರು ಬೆಂಕಿಕಡ್ಡಿ ಕೊಟ್ಟರಂತೆ. ಮೂರೂ ಕಡ್ಡಿ ಹಾಳಾದವು. ರಾತ್ರಿಯೆಲ್ಲ ನಡುಗಿದ್ದಾಯಿತು. ಮರುದಿನ ತೋರಿಸಿಕೊಟ್ಟರು: ನೆಲದ ಮೇಲಿನ ಕಟ್ಟಿಗೆ ತೇವ ಹೀರಿರುತ್ತದೆ, ಮರದಲ್ಲೇ ಒಣಗಿ ನಿಂತ ಕಡ್ಡಿ ಹುಡುಕಬೇಕು. ಮುರಿದಾಗ ‘ಟಕ್’ ಅನ್ನಬೇಕು. ಊದುಬತ್ತಿಯಷ್ಟು ಸಣ್ಣದು, ಪೆನ್ಸಿಲಿನಷ್ಟು ದಪ್ಪದ್ದು, ಹೆಬ್ಬೆರಳಿನಷ್ಟು ದಪ್ಪದ್ದು ಅಂತ ಮೂರು ರಾಶಿ ಮಾಡಿಟ್ಟುಕೊಂಡ ಮೇಲೆಯೇ ಕಡ್ಡಿ ಗೀರಬೇಕು. ಮೈ ಮೇಲೆ ಎಷ್ಟು ಹೊದ್ದರೂ ನೆಲ ಬಿಸಿ ಎಳೆದುಕೊಳ್ಳುತ್ತದೆ, ಆದ್ದರಿಂದ ಮಲಗುವ ಕಡೆ ಒಣ ತರಗೆಲೆ ದಪ್ಪಗೆ ಹಾಸಬೇಕು. ಎರಡನೇ ರಾತ್ರಿ ಒಂದೇ ಕಡ್ಡಿಯಲ್ಲಿ ಬೆಂಕಿ ಹತ್ತಿತು. ಆ ಮೊದಲ ರಾತ್ರಿಯ ಸೋಲಿಗೇ ನಾನು ದುಡ್ಡು ಕೊಟ್ಟದ್ದು ಅಂತ ಈಗಲೂ ಅನಿಸುತ್ತದೆ. ಮನೆಯಲ್ಲಿ ನಾವು ಮಕ್ಕಳಿಗೆ ಅಂಥ ಸೋಲು ಎಲ್ಲಿ ಕೊಡುತ್ತೇವೆ?

ಇನ್ನೊಂದು ಪಾಠ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು. ಗಾಳಿ ಇಲ್ಲದೆ ಮೂರು ನಿಮಿಷ, ಕೆಟ್ಟ ಚಳಿ-ಮಳೆಯಲ್ಲಿ ಆಸರೆ ಇಲ್ಲದೆ ಮೂರು ತಾಸು, ನೀರಿಲ್ಲದೆ ಮೂರು ದಿನ, ಊಟ ಇಲ್ಲದೆ ಮೂರು ವಾರ. ಇದು ಒರಟು ಲೆಕ್ಕ, ಆದರೆ ಗಾಬರಿಯಲ್ಲಿ ನೆನಪಿಗೆ ಬರುವಂಥದ್ದು. ಅವತ್ತು ಮಂಜಿನಲ್ಲಿ ನಾವು ಎಣಿಸುತ್ತಿದ್ದದ್ದು ಉಳಿದ ಚಪಾತಿಗಳನ್ನು. ಸಹಾಯ ಕೇಳಲು ನಿಮಿಷಕ್ಕೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು ಅನ್ನುವುದೂ ಗೊತ್ತಿರಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿತ್ತು.

ಕಾಡಿನ ಪಾಠ ಕಾಡಿಗೇ ಮುಗಿಯುವುದಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಸೊಸೈಟಿಯ ವಾಚ್‌ಮನ್ ಕಾಕಾ ಬಿಸಿಲಿಗೆ ಕುಸಿದು ಬಿದ್ದರು. ಸುತ್ತ ನಿಂತ ದೊಡ್ಡವರು ಬಾಯಿಗೆ ನೀರು ಹಾಕಲು ಹೊರಟಿದ್ದರು. ಮಗಳು ತಡೆದಳು. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬಾರದು ಅಂದಳು. ನೆರಳಿಗೆ ಎಳೆಸಿ, ಪಕ್ಕಕ್ಕೆ ಹೊರಳಿಸಿ, ಮೈಯೆಲ್ಲ ನೀರು ಚಿಮುಕಿಸಿ ಗಾಳಿ ಹಾಕಿಸಿದಳು, 108ಕ್ಕೆ ಫೋನ್ ಮಾಡಿಸಿದಳು. ಅವಳ ಕೈ ನಡುಗಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ.

2023ರ ಮೇ 1ರಂದು ಕೊಲಂಬಿಯಾದ ಅಮೆಜಾನ್ ಕಾಡಿನಲ್ಲಿ ಸಣ್ಣ ವಿಮಾನ ಬಿದ್ದು, ತಾಯಿ ತೀರಿಕೊಂಡು, ನಾಲ್ಕು ಮಕ್ಕಳು 40 ದಿನ ಬದುಕಿದ್ದರಲ್ಲ, ಅವರಲ್ಲಿ ದೊಡ್ಡವಳಿಗೆ ಹದಿಮೂರು. ಚಿಕ್ಕದು ಇನ್ನೂ ಕೂಸು. ವಿಮಾನದಲ್ಲಿದ್ದ ಮರಗೆಣಸಿನ ಹಿಟ್ಟು ತಿಂದು, ಅದು ಮುಗಿದ ಮೇಲೆ ಕಾಡಿನ ಹಣ್ಣು ತಿಂದು ಉಳಿದರು. ಯಾವ ಹಣ್ಣು ತಿನ್ನಬಹುದು ಅಂತ ಆ ಹುಡುಗಿಗೆ ಮನೆಯವರು ಕಾಡಿನಲ್ಲೇ ಕಲಿಸಿದ್ದರು. ನನ್ನ ಮಗನಿಗೂ ಈಗ ಹದಿಮೂರೇ.

ಇದರಿಂದ ಮಕ್ಕಳಿಗೆ ಕೆಟ್ಟ ಧೈರ್ಯ ಬರುತ್ತದೆ ಅಂತ ನನ್ನ ತಮ್ಮನ ಭಯ. ನಾನು ಕಂಡದ್ದು ಉಲ್ಟಾ. ಶಿಬಿರದಿಂದ ಬಂದ ಮೇಲೆ ಮಗಳಿಗೆ ಎಚ್ಚರ ಜಾಸ್ತಿಯಾಗಿದೆ. ಗೆಳತಿಯರು ತಾಮ್ಹಿಣಿಯ ಜಲಪಾತಕ್ಕೆ ಕರೆದಾಗ, ‘ಮೇಲೆ ಎಷ್ಟು ಮಳೆ ಬಿದ್ದಿದೆ ನಮಗೆ ಕಾಣಲ್ಲ, ನಾನು ನೀರಿಗೆ ಇಳಿಯಲ್ಲ’ ಅಂದಳು. ಎಲ್ಲ ಶಿಬಿರವೂ ಒಂದೇ ಥರ ಇರುವುದಿಲ್ಲ, ಅದು ನಿಜ. ಮಹಾರಾಷ್ಟ್ರದಲ್ಲಿ 2021ರಿಂದ ಸಾಹಸ ಪ್ರವಾಸಕ್ಕೆ ಸರ್ಕಾರದ ನೀತಿ ಇದೆ, ನಡೆಸುವವರು ನೋಂದಣಿ ಮಾಡಿಸಬೇಕು. ಆ ಕಾಗದ ಕೇಳೋಣ. ಕಲಿಸುವವರಿಗೆ ಪ್ರಥಮ ಚಿಕಿತ್ಸೆ ಬರುತ್ತದೆಯೇ, ಹತ್ತಿರದ ಆಸ್ಪತ್ರೆ ಯಾವುದು ಅಂತ ಕೇಳೋಣ. ಕೇಳಿ, ಕಳಿಸೋಣ.

ವಿರೋಧ: ಮೂರು ದಿನ ಸಾಲದು

ಹದಿನಾಲ್ಕು ವರ್ಷದಿಂದ ಸಹ್ಯಾದ್ರಿ ಸುತ್ತುತ್ತಿದ್ದೇನೆ. ದಾರಿ ತಪ್ಪಿದವರನ್ನು ಹುಡುಕುವ ಸ್ವಯಂಸೇವಕರ ಜೊತೆ ಆರೇಳು ಸಲ ಹೋಗಿದ್ದೇನೆ. ಬೇಡ ಅನ್ನುವುದು ಅದಕ್ಕೇ.

ನಮ್ಮ ಬೆಟ್ಟಗಳಲ್ಲಿ ಜನ ಸಾಯುವುದು ಹಸಿವಿನಿಂದ ಅಲ್ಲ. ಕರಿಕಲ್ಲಿನ ಮೇಲಿನ ಪಾಚಿಗೆ ಕಾಲು ಜಾರುತ್ತದೆ. ಮಾರ್ಚ್ ಆದ ಮೇಲೆ ನೆರಳಿಲ್ಲದ ದಿಬ್ಬದಲ್ಲಿ ಬಿಸಿಲು ಹೊಡೆಯುತ್ತದೆ. ಹೆಜ್ಜೇನು ಏಳುತ್ತದೆ. ನೀರು ಒಮ್ಮೆಲೇ ಏರುತ್ತದೆ. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಹತ್ತಿರದ ಜಲಪಾತದಲ್ಲಿ ಪುಣೆಯ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅವರು ಕಾಡಿನಲ್ಲಿ ಕಳೆದುಹೋದವರಲ್ಲ, ರಜೆಗೆ ಬಂದವರು. ಇಲ್ಲಿ ಯಾವ ಕೋಟೆಯಿಂದಲೂ ಕೆಲವು ತಾಸು ನಡೆದರೆ ಒಂದು ವಾಡಿ, ಅಂದರೆ ಸಣ್ಣ ಹಳ್ಳಿ, ಸಿಗುತ್ತದೆ. ಹೀಗಿರುವಾಗ ಕಟ್ಟಿಗೆ ಉಜ್ಜಿ ಬೆಂಕಿ ಮಾಡುವುದು, ಉರುಲು ಹೆಣೆಯುವುದು, ಹುಳ ತಿನ್ನುವುದು ನಮ್ಮ ಹುಡುಗನಿಗೆ ಯಾವ ಕೆಲಸಕ್ಕೆ? ಟಿವಿಯಲ್ಲಿ ನೋಡಲು ಚೆನ್ನಾಗಿರುತ್ತದೆ ಅಂತ ಅದನ್ನು ಕಲಿಸುತ್ತಾರೆ. ಕತ್ತಲಾಗುವ ಮೊದಲು ವಾಪಸ್ ತಿರುಗುವುದನ್ನು ಕಲಿಸಲು ಮೂರು ದಿನದ ಶಿಬಿರ ಬೇಕಿಲ್ಲ.

‘ಅಲ್ಪ ವಿದ್ಯೆ ಮಹಾ ಗರ್ವಿ’ ಅಂತ ನಮ್ಮಲ್ಲಿ ಗಾದೆ ಇದೆ. ಒಂದು ಸಲ ರಾಜಗಡ-ತೋರಣಾ ಕೋಟೆಗಳ ನಡುವಿನ ಬೆಟ್ಟದ ಏಣಿನಲ್ಲಿ ಮೂವರು ಹುಡುಗರನ್ನು ಹುಡುಕಲು ಹೋಗಿದ್ದೆವು. ಅವರ ಚೀಲದಲ್ಲಿ ಚಾಕು ಇತ್ತು, ಕಿಡಿ ಹಾರಿಸುವ ಕಡ್ಡಿ ಇತ್ತು, ಹಗ್ಗ ಇತ್ತು. ಒಂದು ವಾರಾಂತ್ಯದ ಶಿಬಿರ ಮುಗಿಸಿ ಬಂದಿದ್ದರು. ನೀರು ಒಂದೊಂದೇ ಲೀಟರ್. ಸುತ್ತಿ ಬರುವ ಹಾದಿ ಉದ್ದ ಅಂತ ನೇರ ಕಣಿವೆಗೆ ಇಳಿದಿದ್ದರು. ಏನಾದರೂ ಆದರೆ ನೋಡಿಕೊಳ್ಳುತ್ತೇವೆ ಅನ್ನುವ ನಂಬಿಕೆ. ಒಬ್ಬನ ಮೊಣಕಾಲು ಮುರಿದಿತ್ತು. ಏನೂ ಕಲಿಯದವನಾಗಿದ್ದರೆ ಆ ಕಣಿವೆ ನೋಡಿಯೇ ಹೆದರಿ ಹಿಂದೆ ಬರುತ್ತಿದ್ದ. ಈ ಮಾತು ನನಗೆ ಬಹಳ ನೋವಿನಿಂದ ಬರುತ್ತದೆ. ಅವನನ್ನು ಹೊತ್ತು ಇಳಿಸಿದವರಲ್ಲಿ ನಾನೂ ಒಬ್ಬ.

ಬೆಂಕಿಯ ಮಾತಿಗೆ ಬರುತ್ತೇನೆ. ಅಕ್ಕನಿಗೆ ಮಗಳ ಒಂದೇ ಕಡ್ಡಿಯ ಬೆಂಕಿ ಹೆಮ್ಮೆ. ಆದರೆ ಮಳೆಗಾಲದಲ್ಲಿ ಎದೆಯೆತ್ತರ ಬೆಳೆದ ಹುಲ್ಲು ಡಿಸೆಂಬರ್ ಹೊತ್ತಿಗೆ ಒಣಗಿ ನಿಂತಿರುತ್ತದೆ. ಒಂದು ಕಿಡಿ ಸಾಕು, ಇಡೀ ಇಳಿಜಾರು ಕಪ್ಪಾಗುತ್ತದೆ. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಾಕುವುದು 1927ರ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ, ಅಭಯಾರಣ್ಯದಲ್ಲಿ 1972ರ ವನ್ಯಜೀವಿ ಕಾಯ್ದೆಯೂ ಬರುತ್ತದೆ. ಬಂಡೆಯ ಕೆಳಗೆ ಹೊಗೆ ಹಾಕಿದರೆ ಮೇಲಿನ ಹೆಜ್ಜೇನು ಕೆರಳುತ್ತದೆ. ಇನ್ನು ಗುಡಿಸಲು ಕಟ್ಟುವ ಪಾಠಕ್ಕೆ ಕಡಿಯುವುದು ಹೆಚ್ಚಾಗಿ ಕಾರ್ವಿ ಗಿಡವನ್ನು. ಅದು ಏಳೆಂಟು ವರ್ಷಕ್ಕೊಮ್ಮೆ ಹೂ ಬಿಟ್ಟು ಸಾಯುವ ಗಿಡ. ವಾಡಿಯವರು ಮನೆಗೋಡೆಗೆ ಅದನ್ನು ಕಡಿದರೆ ಅದು ಅವರ ಬದುಕು. ನಾವು ವಾರ ವಾರ ಮೂವತ್ತು ಮಕ್ಕಳ ಕೈಗೆ ಕತ್ತಿ ಕೊಟ್ಟು ಕಡಿಸಿದರೆ?

ಕಲಿಸುವವರ ಬಗ್ಗೆಯೂ ಹೇಳಬೇಕು. ಒಂದು ಶಿಬಿರದಲ್ಲಿ ಹಾವು ಕಚ್ಚಿದರೆ ಮೇಲೆ ಬಿಗಿಯಾಗಿ ಹಗ್ಗ ಕಟ್ಟಿ, ಗಾಯ ಕುಯ್ದು ರಕ್ತ ಬಿಡಬೇಕು ಅಂತ ಹೇಳಿಕೊಡುವುದನ್ನು ನಾನೇ ಕೇಳಿದ್ದೇನೆ. ಎರಡೂ ತಪ್ಪು. ಕಚ್ಚಿದ ಕೈಕಾಲು ಅಲುಗಾಡಿಸದೆ ಬೇಗ ಆಸ್ಪತ್ರೆಗೆ ಒಯ್ಯಬೇಕು, ಅಷ್ಟೇ. ನಮ್ಮ ದೇಶದಲ್ಲಿ ಸಿಗುವ ವಿಷನಿರೋಧಕ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಸಹ್ಯಾದ್ರಿಯ ಬಿದಿರ ಮೆಳೆಯಲ್ಲಿರುವ ಹಸಿರು ಮಂಡಲಕ್ಕೆ ಅದು ನಾಟುವುದಿಲ್ಲ. ತಪ್ಪು ಪಾಠವನ್ನು ಕೈಯಾರೆ ಅಭ್ಯಾಸ ಮಾಡಿದವನು ಅದನ್ನು ಮರೆಯುವುದೂ ಇಲ್ಲ. ಕೈಗೆ ಅಭ್ಯಾಸ ಆಗಬೇಕು ಅನ್ನುವ ಅಕ್ಕನ ಮಾತಿನಲ್ಲೇ ನನಗೆ ಈ ಅಪಾಯ ಕಾಣುತ್ತದೆ.

ಕೊಲಂಬಿಯಾದ ಆ ಹುಡುಗಿಯನ್ನು ನಾನೂ ಮನಸಾರೆ ಮೆಚ್ಚುತ್ತೇನೆ. ಆದರೆ ಅವಳು ಶಿಬಿರಕ್ಕೆ ಹೋಗಿರಲಿಲ್ಲ, ಅಲ್ವಾ? ಹುಟ್ಟಿದಾಗಿನಿಂದ ಅಜ್ಜಿಯ ಹಿಂದೆ ಕಾಡಿನಲ್ಲಿ ನಡೆದವಳು. ಅಕ್ಕನನ್ನು ದಾರಿಗೆ ತಂದ ಎಮ್ಮೆ ಕಾಯುವ ಹುಡುಗನೂ ಹಾಗೇ. ಇಲ್ಲಿಯ ಮಹಾದೇವ ಕೋಳಿ, ಠಾಕರ ಎಂಬ ಆದಿವಾಸಿ ಮನೆಗಳ ಮಕ್ಕಳಿಗೆ ಯಾವ ಮೋಡ ಯಾವಾಗ ಸುರಿಯುತ್ತದೆ ಅಂತ ಗೊತ್ತು. ಅದು ವರ್ಷಗಟ್ಟಲೆ ಒಂದೇ ಬೆಟ್ಟವನ್ನು ಎಲ್ಲ ಕಾಲದಲ್ಲೂ ನಡೆದು ಬಂದ ತಿಳಿವಳಿಕೆ. ಮೂರು ದಿನಕ್ಕೆ ಅದರ ಹೆಸರು ಮಾತ್ರ ಸಿಗುತ್ತದೆ.

ವಾಚ್‌ಮನ್ ಕಾಕಾನ ವಿಷಯದಲ್ಲಿ ಅಕ್ಕ ಹೇಳಿದ್ದು ಪೂರ್ತಿ ಸರಿ. ಅವತ್ತು ನಾನೂ ಅಕ್ಕನ ಮಗಳ ಬೆನ್ನು ತಟ್ಟಿದ್ದೆ. ಆದರೆ ಪ್ರಥಮ ಚಿಕಿತ್ಸೆಯನ್ನು ಶಾಲೆಯಲ್ಲೇ, ಡಾಕ್ಟರ ಕೈಯಲ್ಲೇ ಕಲಿಸಬಹುದು. ಅದು ಎಲ್ಲ ಮಕ್ಕಳಿಗೂ ಸಿಗಬೇಕು, ಶಿಬಿರದ ಫೀ ಕಟ್ಟುವವರಿಗೆ ಮಾತ್ರ ಅಲ್ಲ.

2022ರ ಫೆಬ್ರವರಿಯಲ್ಲಿ ಕೇರಳದ ಮಲಂಪುಳದಲ್ಲಿ ಒಬ್ಬ ಯುವಕ ಬಂಡೆಯ ಸಂದಿನಲ್ಲಿ ಸಿಕ್ಕಿಬಿದ್ದ. ನೀರಿಲ್ಲದೆ 40 ತಾಸಿಗೂ ಜಾಸ್ತಿ ಅಲ್ಲೇ ಕೂತಿದ್ದ. ಸೇನೆಯವರು ಬಂದು ಮೇಲಕ್ಕೆ ತಂದರು. ಕೂತಲ್ಲೇ ಕೂತದ್ದು ಅವನನ್ನು ಉಳಿಸಿತು. ನಾವು ಹುಡುಕಿದವರಲ್ಲಿ ಬೇಗ ಸಿಕ್ಕವರೆಲ್ಲ ಹಾಗೆ ಒಂದೇ ಕಡೆ ಕೂತವರೇ. ನಡೆಯುತ್ತಾ ಹೋದವರು ತಡವಾಗಿ ಸಿಕ್ಕರು.

ಅಕ್ಕ, ನಿನಗೆ ನೆನಪಿದೆಯಾ? ಸಿದ್ಧಾರೂಢರ ಜಾತ್ರೆಗೆ ಹೋದಾಗೆಲ್ಲ ಅವ್ವ ಬಸ್ಸಿನಲ್ಲೇ ಹೇಳುತ್ತಿದ್ದಳು: ‘ಕೈ ತಪ್ಪಿದ್ರ ಹುಡಕ್ಕೋತ ಹೋಗಬ್ಯಾಡ್ರಿ, ಅಲ್ಲೇ ನಿಂದರ್ರಿ, ನಾ ಬರ್ತೀನಿ.’ ಒಂದು ವರ್ಷ ನಾನು ತಪ್ಪಿಸಿಕೊಂಡೆ. ಬಳೆ ಅಂಗಡಿಯ ಕಂಬ ಹಿಡಿದು ನಿಂತೆ. ಅವ್ವ ಬಂದಳು.

ಹುಡುಗನನ್ನು ನನ್ನ ಜೊತೆ ಕಳಿಸು. ತಿಂಗಳಿಗೆ ಒಂದು ಭಾನುವಾರ, ಎರಡು ವರ್ಷ, ಮೊದಲು ಸಿಂಹಗಡ ಒಂದೇ. ಬಿಸಿಲಲ್ಲೂ ಮಂಜಲ್ಲೂ ಅದೇ ದಾರಿ. ಚೀಲದಲ್ಲಿ ಮೂರು ಲೀಟರ್ ನೀರು, ಒಂದು ಸೀಟಿ, ಒಂದು ಟಾರ್ಚ್, ಒಂದು ಜೊತೆ ಒಣ ಬಟ್ಟೆ ಇಟ್ಟಿರು. ಬೆಳಿಗ್ಗೆ ಐದಕ್ಕೆ ಬರುತ್ತೇನೆ.