ಮೊದಲಿಗ ಲ್ಯಾಂಗ್‌ಸ್ಟ್ರಾತ್ ಅಲ್ಲ
ಜೇನುಪೆಟ್ಟಿಗೆ ಕುರಿತ ಲೇಖನದಲ್ಲಿ, ಅಮೆರಿಕದ ಜೇನು ಸಾಕಣೆಗಾರ ಲ್ಯಾಂಗ್‌ಸ್ಟ್ರಾತ್‌ಗಿಂತ ಮೊದಲು ಎರಿ (ಹುಳುಗಳು ಕಟ್ಟುವ ಮೇಣದ ಹಲ್ಲೆ) ಮುರಿಯದೆ ಎತ್ತಿ ನೋಡುವ ಜೇನುಗೂಡೇ ಇರಲಿಲ್ಲ ಎಂದು ಬರೆದಿದ್ದೀರಿ. ಇದು ತಪ್ಪು. ಗ್ರೀಸ್‌ನವರು ಬುಟ್ಟಿಯ ಬಾಯಿಗೆ ಮರದ ಪಟ್ಟಿ ಅಡ್ಡ ಇಟ್ಟು ಜೇನು ಸಾಕುತ್ತಿದ್ದರು. ಪಟ್ಟಿ ಎತ್ತಿದರೆ ಎರಿಯೂ ಜೊತೆಗೆ ಬರುತ್ತಿತ್ತು. ಜಾರ್ಜ್ ವೀಲರ್ ಎಂಬ ಇಂಗ್ಲಿಷ್ ಪ್ರವಾಸಿ 1682ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಉಕ್ರೇನಿನ ಪ್ರೊಕೊಪೊವಿಚ್ 1814ರಲ್ಲಿ ಎರಿ ಕಟ್ಟಿಸಿ ಹೊರತೆಗೆಯುವ ಮರದ ಚೌಕಟ್ಟನ್ನೇ ಮಾಡಿದ್ದ. 1851ರಲ್ಲಿ ಲ್ಯಾಂಗ್‌ಸ್ಟ್ರಾತ್‌ಗೆ ಹೊಳೆದದ್ದು ಜಾಗದ ಲೆಕ್ಕ: ಚೌಕಟ್ಟಿನ ಸುತ್ತ ಸುಮಾರು 6ರಿಂದ 9 ಮಿ.ಮೀ. ಬಿಟ್ಟರೆ ಹುಳುಗಳು ಅಲ್ಲಿ ಎರಿ ಕಟ್ಟುವುದಿಲ್ಲ, ಅಂಟು ಮೆತ್ತಿ ಮುಚ್ಚುವುದೂ ಇಲ್ಲ. ಅದೇನು ಸಣ್ಣ ಮಾತಲ್ಲ ಬಿಡಿ. ಅಂತರ ತಪ್ಪಿದ ಪೆಟ್ಟಿಗೆ ಕೊಂಡು, ಚಾಕು ಹಿಡಿದು ಚೌಕಟ್ಟು ಬಿಡಿಸಲು ಒದ್ದಾಡಿದವನು ನಾನು. ಮತ್ತೆ, ಅವನ ಪೆಟ್ಟಿಗೆ ನಮ್ಮ ತುಡುವೆ ಜೇನಿಗೆ ಜಾಸ್ತಿ ದೊಡ್ಡದು. ಅದಕ್ಕೇ ಅಲ್ವಾ ಚಿಕ್ಕ ನ್ಯೂಟನ್ ಪೆಟ್ಟಿಗೆ ಬಂದದ್ದು? ಅದರ ಸುದ್ದಿಯೇ ಲೇಖನದಲ್ಲಿಲ್ಲ.