ಕರಾವಳಿಯ ಮಳೆಗೆ ಹೀಟ್ ರ‍್ಯಾಪ್ ಹೊಂದುವುದಿಲ್ಲ

ಕಾರಿನ ಎಂಜಿನ್ನಿನಿಂದ ಹೊಗೆಯನ್ನು ಹೊರಗೊಯ್ಯುವ ಪೈಪುಗಳ ಗೊಂಚಲಾದ ಎಕ್ಸಾಸ್ಟ್ ಹೆಡರ್‌ಗೆ ಹೀಟ್ ರ‍್ಯಾಪ್ (ಬಿಸಿ ತಡೆಯುವ ಪಟ್ಟಿ) ಸುತ್ತಿದರೆ ಲಾಭವೇ ಹೊರತು ನಷ್ಟವಿಲ್ಲ ಎಂದು ಲೇಖನವೊಂದರಲ್ಲಿ ಬರೆದಿರುವುದನ್ನು ನಾನು ಒಪ್ಪುವುದಿಲ್ಲ. ಬಾನೆಟ್ ಕೆಳಗಿನ ಬಿಸಿ ತಗ್ಗುತ್ತದೆ, ನಿಜ. ಆದರೆ ಆ ಬಿಸಿ ಮಾಯವಾಗುವುದಿಲ್ಲ. ಒಂದಿಷ್ಟು ಹೊಗೆಯ ಜೊತೆ ಹಿಂದಕ್ಕೆ ಹೋದರೆ, ಉಳಿದದ್ದು ಪೈಪಿನ ಲೋಹವನ್ನೇ ಕಾಯಿಸುತ್ತದೆ.

ಮಂಗಳೂರಿನಲ್ಲಿ ನನ್ನ ಹಳೆಯ ಕಾರಿನ ಮೈಲ್ಡ್ ಸ್ಟೀಲ್ (ಸಾದಾ ಉಕ್ಕಿನ) ಹೆಡರ್‌ಗೆ ಇದನ್ನು ಸುತ್ತಿಸಿದ್ದೆ. ಎರಡು ಮಳೆಗಾಲ ಕಳೆದ ಮೇಲೆ ಬಿಚ್ಚಿದಾಗ ಪಟ್ಟಿಯ ಜೊತೆಗೇ ತುಕ್ಕು ಹಪ್ಪಳದಂತೆ ಎದ್ದು ಬಂತು. ನಾಲ್ಕು ಪೈಪುಗಳು ಕೂಡುವ ಕಡೆ, ಬೆಸುಗೆಯ ಪಕ್ಕದಲ್ಲಿ ಉಗುರು ತೂರುವಷ್ಟು ಬಿರುಕು! ಕಾರು ನಿಂತಾಗ ಗಾಜಿನ ನೂಲಿನ ಆ ಪಟ್ಟಿ ನೀರನ್ನು ಹಿಡಿದುಕೊಳ್ಳುತ್ತದೆ. ಕಡಲಿನ ಉಪ್ಪುಗಾಳಿಯೂ ಸೇರಿದರೆ ಕೇಳುವುದೇ ಬೇಡ. ಎಂಜಿನ್ನಿನ ಮೇಲಿನ ಮುಚ್ಚಳವಾದ ವಾಲ್ವ್ ಕವರ್‌ನಿಂದ ಎಣ್ಣೆ ಜಿನುಗುವ ಎಂಜಿನ್ ಆದರೆ ಇನ್ನೂ ಅಪಾಯ, ಎಣ್ಣೆ ಹೀರಿದ ಪಟ್ಟಿ ಹೊತ್ತಿಕೊಳ್ಳಬಹುದು.

ರೇಸಿಗೆ ಮಾತ್ರ ಇಳಿಯುವ, ಆಗಾಗ ಬಿಚ್ಚಿ ನೋಡುವ ಕಾರಿಗೆ ಬೇಕಾದರೆ ಸುತ್ತಿಕೊಳ್ಳಲಿ. ದಿನವೂ ಓಡಿಸುವ ಕಾರಿಗೆ ಹೆಡರ್ ಮೇಲೆ ಸೆರಾಮಿಕ್ ಲೇಪನ ದುಬಾರಿಯಾದರೂ ಮೇಲು. ಅದು ಕೈಗೆಟುಕದಿದ್ದರೆ ಬಿಸಿಗೆ ಅಡ್ಡ ನಿಲ್ಲುವ ತಗಡಿನ ಹೀಟ್ ಶೀಲ್ಡ್ ಸಾಕು. ಕಾರ್ಖಾನೆಯಿಂದಲೇ ಬಂದ ಶೀಲ್ಡನ್ನು ದಯವಿಟ್ಟು ಕಿತ್ತು ಎಸೆಯಬೇಡಿ.